ಎರಡು ಬೆರಳ ಭಾರ

ನನ್ನ ಮಾವ ಅಂದಾನಯ್ಯನವರು ಗಾಡಿಗೆ ಹೇರು ತುಂಬುತ್ತಿದ್ದರೆ ತೊಣ್ಣೂರಿನ ಜನ ಕೆಲಸ ಬಿಟ್ಟು ನೋಡುತ್ತಿದ್ದರಂತೆ. ಮೂವತ್ತು ವರ್ಷ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಅಂತ ಬಾಡಿಗೆ ಗಾಡಿ ಹೊಡೆದವರು. ತುಂಬಿ ಮುಗಿಸಿದ ಮೇಲೆ, ಎತ್ತು ಹೂಡುವ ಮೊದಲು, ಗಾಡಿಯ ಮುಂದಕ್ಕೆ ಚಾಚಿಕೊಂಡಿರುವ ಮೂಕಿಯ ತುದಿಗೆ ಎರಡೇ ಎರಡು ಬೆರಳು ಕೊಟ್ಟು ಎತ್ತುತ್ತಿದ್ದರು. ಆಳೆತ್ತರದ ಹೇರಿದ್ದರೂ ಮೂಕಿ ಆ ಎರಡು ಬೆರಳಿಗೆ ಮೇಲೆದ್ದು ಬರಬೇಕು. ಬರದಿದ್ದರೆ ಅಷ್ಟನ್ನೂ ಇಳಿಸಿ ಮತ್ತೆ ತುಂಬುವುದು.

"ಎಳಿಯಾದು ಎತ್ತಿನ ಕೆಲ್ಸ, ಒರಾದು ಗಾಲಿ ಕೆಲ್ಸ ಕಣ್ಲಾ. ಎತ್ತಿನ ಕತ್ತು ಯಾವತ್ತೂ ಅಗುರಾಗಿರ್ಬೇಕು," ಎಂದು ಅವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಈ ಎರಡು ಬೆರಳಿನ ಪುರಾಣ ಕೇಳಿದ್ದೆ. ಅದೇ ಎರಡು ಬೆರಳು ನನ್ನ ಸಂಸಾರಕ್ಕೆ ಅಡ್ಡ ಬರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ನನ್ನ ಗಂಡ ಚಲುವರಾಜು ಎತ್ತಿನ ಗಾಡಿ ಬಿಟ್ಟು ಬಟ್ಟೆ ವ್ಯಾಪಾರಕ್ಕೆ ಬಿದ್ದವರು. ಯುದ್ಧ ಮುಗಿದ ಕಾಲದಲ್ಲಿ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಹಳೇ ಜೀಪು ಅವರ ಹತ್ತಿರ ಇತ್ತು. ಮೇಲುಕೋಟೆಯ ನೇಕಾರರಿಂದ ಪಂಚೆ, ಸೀರೆ, ಟವಲು ತುಂಬಿಕೊಂಡು ಹೊರಟರೆ ಸಂತೆಯಿಂದ ಸಂತೆಗೆ ಸುತ್ತಿ ಬರಲು ಇಪ್ಪತ್ತು ದಿನ. ಮನೆಯಲ್ಲಿ ಆರೇಳು ದಿನ ಇದ್ದು ಮತ್ತೆ ಹೊರಡುವುದು. ಮದುವೆಯಾಗಿ ಎರಡು ವರ್ಷಕ್ಕೆ ನಾನು ಗಂಡನ ಮುಖ ನೋಡಿದ್ದಕ್ಕಿಂತ ಅವರ ಜೀಪಿನ ಧೂಳು ನೋಡಿದ್ದೇ ಹೆಚ್ಚು. ಊರಲ್ಲಿ ಎಷ್ಟೋ ಹೆಂಗಸರು ಹಾಗೆಯೇ ಬದುಕುತ್ತಾರೆ ಎಂದು ನಮ್ಮತ್ತೆ ದೊಡ್ಡತಾಯಮ್ಮ ಹೇಳುತ್ತಿದ್ದರು. ಬದುಕಲಿ. ನನಗೆ ಗಂಡ ಬೇಕಿತ್ತು.

ಒಂದು ವರ್ಷ ಹಠ ಹಿಡಿದೆ. ಕೊನೆಗೆ ಅವರು ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಗಾಲಿಯ ಹಳೇ ಟ್ರೈಲರೊಂದನ್ನು ತಂದರು. ಬಡಗಿಯನ್ನು ಕರೆಸಿ ಅದಕ್ಕೆ ಹಲಗೆಯ ಗೋಡೆ, ತಗಡಿನ ಸೂರು, ಮಡಚುವ ಮಂಚ, ಸೀಮೆಎಣ್ಣೆ ಸ್ಟೌ ಇಡಲು ಒಂದು ಗೂಡು ಎಲ್ಲ ಮಾಡಿಸಿದೆವು. ಹಗಲು ವ್ಯಾಪಾರ, ಸಂಜೆ ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಊರವರು ನಕ್ಕು ಅದಕ್ಕೆ ಗಾಡಿಮನೆ ಎಂದು ಹೆಸರಿಟ್ಟರು. ನಗುವವರ ಮುಂದೆಯೇ ನಾನು ಅದರ ಬಾಗಿಲಿಗೆ ತೋರಣ ಕಟ್ಟಿದೆ.

ಹೊರಡುವ ದಿನ ಹೇರು ತುಂಬಿದವರು ನಮ್ಮ ಮಾವ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಬಟ್ಟೆಯ ಆರು ಗಂಟುಗಳನ್ನು ಹಿಂದಕ್ಕೆ ತಳ್ಳಿದರು. ನಾನು ಬಿಡಲಾರೆ ಎಂದು ಹಠ ಮಾಡಿದ ರಾಗಿ ಬೀಸುವ ಕಲ್ಲನ್ನು ಕಟ್ಟಕಡೆಗೆ, ಬಾಗಿಲ ಹತ್ತಿರ ಇಟ್ಟರು. ಆಮೇಲೆ ಟ್ರೈಲರಿನ ಕಬ್ಬಿಣದ ಮೂಕಿಗೆ ಎರಡು ಬೆರಳು ಕೊಟ್ಟರು. ಅದು ಹೂವಿನ ಹಾಗೆ ಮೇಲೆದ್ದಿತು. ನೆರೆದವರು ಭೇಷ್ ಎಂದರು. ನಾನೂ ಎಂದೆ, ಸುಳ್ಳೇಕೆ ಹೇಳಲಿ.

ಮೇಲುಕೋಟೆ ಬೆಟ್ಟ ಹತ್ತುವಾಗ ಏನೂ ಆಗಲಿಲ್ಲ. ಆ ಕಡೆ ಜಕ್ಕನಹಳ್ಳಿಯ ಇಳಿಜಾರಿನಲ್ಲಿ ನನ್ನ ಬೆನ್ನ ಹಿಂದೆ ಟಕ ಟಕ ಎಂದು ಸದ್ದು ಶುರುವಾಯಿತು. ತಿರುಗಿ ನೋಡಿದರೆ ಜೀಪಿನ ಕೊಕ್ಕೆಯ ಮೇಲೆ ಮೂಕಿ ಕುಣಿಯುತ್ತಿದೆ. ಗಾಡಿಮನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಲ ಬೀಸತೊಡಗಿತು. ಬೀಸಿದಷ್ಟೂ ಜೀಪಿನ ಹಿಂಭಾಗವನ್ನೂ ಎಳೆದಾಡಿತು. ನನ್ನ ಗಂಡ ಸ್ಟೇರಿಂಗಿನ ಮೇಲೆ ಮಲಗಿಕೊಂಡಂತೆ ಹಿಡಿದರೂ ನಿಲ್ಲಲಿಲ್ಲ. ಕೊನೆಗೆ ರಸ್ತೆ ಪಕ್ಕದ ಕತ್ತಾಳೆ ಬೇಲಿಗೆ ನುಗ್ಗಿ ನಿಂತೆವು. ಇನ್ನೆರಡು ಮಾರು ಹೋಗಿದ್ದರೆ ಕಂದಕ. ಬೀಸುವ ಕಲ್ಲು ಬಾಗಿಲು ಒಡೆದುಕೊಂಡು ಹೋಗಿ ಕೆಳಗಿನ ಹೊಲದಲ್ಲಿ ಬಿದ್ದಿತ್ತು.

ಯಾರಿಗೂ ಗಾಯವಾಗಲಿಲ್ಲ. ಅವರಿವರು ಕೈಹಚ್ಚಿ ಗಾಡಿಯನ್ನು ಮೇಲೆತ್ತಿದರು, ಕಲ್ಲನ್ನೂ ಹೊತ್ತು ತಂದು ಮೊದಲಿದ್ದ ಜಾಗದಲ್ಲೇ ಇಟ್ಟರು. ಆಳು ನಡೆಯುವಷ್ಟು ನಿಧಾನಕ್ಕೆ ಊರಿಗೆ ವಾಪಸು ಬಂದೆವು. ಅತ್ತೆ ಮೆಣಸಿನಕಾಯಿ ನಿವಾಳಿಸಿ, ಮೂಕಿಗೆ ಮೂರು ನಿಂಬೆಹಣ್ಣು ಕಟ್ಟಿದರು. ಮಾವ ಬೇರೆಯದೇ ತೀರ್ಮಾನ ಮಾಡಿದರು.

"ಆ ಗಾಡಿ ಉಟ್ಟಿದ್ ಗಳಿಗೆ ಸರಿಯಿಲ್ಲ ಕಣ್ಲಾ ಚಲುವ. ಎಂಗೂ ಕಬ್ಬಿನ ಮೇಸ್ತ್ರಿ ಒಬ್ಬ ಕೇಳ್ತಿದ್ದ. ಸುಕ್ರವಾರ ಬಂದು ಒಡ್ಕೊಂಡೋಗ್ಲಿ. ನೀನು ಮೊದ್ಲಿನಂಗೆ ಜೀಪಲ್ಲಿ ಓಗಿ ಬಾ. ಜಯ ಮನೇಲಿರ್ಲಿ."

ಜಯ ಮನೇಲಿರ್ಲಿ. ಎರಡೇ ಮಾತು. ನನ್ನ ಒಂದು ವರ್ಷದ ಹಠ ಹೊಗೆಯಾಗಿ ಹೋಯಿತು. ಗಂಡ ನೆಲ ನೋಡುತ್ತ ತಲೆಯಾಡಿಸಿದರು. ಅಪ್ಪನಿಗೆ ಎದುರಾಡಿದ ಮಗನಲ್ಲ ಅವರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಂದು ಭಾನುವಾರ. ಶುಕ್ರವಾರಕ್ಕೆ ಐದು ದಿನವಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನನಗೆ ಒಗ್ಗುವುದಿಲ್ಲ. ನಿಂಬೆಹಣ್ಣಲ್ಲೂ, ಹುಟ್ಟಿದ ಗಳಿಗೆಯಲ್ಲೂ ಆ ಟಕ ಟಕ ಸದ್ದಿಗೆ ಉತ್ತರವಿರಲಿಲ್ಲ. ಮಾರನೇ ದಿನ ಗಂಡನನ್ನು ಹೊರಡಿಸಿಕೊಂಡು ಪಾಂಡವಪುರಕ್ಕೆ ಹೋದೆ. ಅಲ್ಲಿ ಚೌಡಯ್ಯ ಮೇಸ್ತ್ರಿ ಎಂದು, ಮಿಲಿಟರಿಯಲ್ಲಿ ಮೋಟಾರು ರಿಪೇರಿ ಮಾಡಿ ಬಂದವರು, ಶೆಡ್ಡು ಇಟ್ಟಿದ್ದರು. ಅವರು ನನ್ನ ಮಾತನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು.

"ಕೊಕ್ಕೆ ಮ್ಯಾಲೆ ಎಷ್ಟು ಬಾರ ಕುಂತದೆ?"

"ಎರಡು ಬೆರಳಲ್ಲಿ ಎತ್ಬೋದು," ಎಂದರು ನನ್ನ ಗಂಡ, ಸ್ವಲ್ಪ ಹೆಮ್ಮೆಯಿಂದಲೇ.

ಚೌಡಯ್ಯ ಮೇಸ್ತ್ರಿ ಹಣೆ ಚಚ್ಚಿಕೊಂಡರು. "ಬದುಕಿದ್ದೇ ಎಚ್ಚು ಕಣಯ್ಯ! ಒಟ್ಟು ತೂಕ್ದಲ್ಲಿ ಅತ್ತರಲ್ಲಿ ಒಂದು ಪಾಲಾದ್ರೂ ಕೊಕ್ಕೆ ಮ್ಯಾಲೆ ಕೂರ್ಬೇಕು. ಮುಂದೆ ಬಾರ ಇಲ್ದಿದ್ರೆ ಇಂದೆ ಇರಾದು ಬಾಲ ಅಲ್ಲಾಡಿಸ್ತದೆ."

ಅವರ ಪರಿಚಯದ ಮೇಲೆ, ಕಬ್ಬಿನ ಲಾರಿ ತೂಗುವ ಕಟ್ಟೆಯಲ್ಲಿ ಮಂಗಳವಾರ ನಮ್ಮ ಗಾಡಿಮನೆಯನ್ನು ಹೇರಿನ ಸಮೇತ ತೂಗಿಸಿದೆವು. ಏಳುನೂರು ಕಿಲೋ. ಅಂದರೆ ಕೊಕ್ಕೆಯ ಮೇಲೆ ಎಪ್ಪತ್ತು ಬೇಕು. ಎಷ್ಟಿದೆ ಎಂದು ಅಲ್ಲೇ ನೋಡಿಬಿಡೋಣ ಎಂದರೆ, "ಈ ಕಟ್ಟೆಗೆ ಲಾರಿ ಗೊತ್ತಾಗ್ತದೆ, ಒಂದ್ ಮೂಟೆ ಎಚ್ಚುಕಮ್ಮಿ ಗೊತ್ತಾಗಾಕಿಲ್ಲ. ಮನೇಲೇ ತೂಗ್ಕಳಿ," ಎಂದರು ಮೇಸ್ತ್ರಿ. "ಪಯ್ಣಕ್ಕೆ ಎಂಗ್ ತುಂಬ್ತೀರೋ ಅಂಗೇ ತುಂಬಿರ್ಬೇಕು. ಮೂಕಿ ಕೊಕ್ಕೆ ಎತ್ರದಲ್ಲೇ ಇರ್ಬೇಕು. ಅಷ್ಟು ನೆಪ್ಪಿರ್ಲಿ."

ದಾರಿಯಲ್ಲಿ ಗಂಡ ಬಾಯಿ ಬಿಟ್ಟರು. "ಅಪ್ಪ ತುಂಬಿದ್ ಏರನ್ನ ಅಪ್ಪನ ಮುಂದೇನೇ ತೂಗಾದಾ? ಜೀವ ಬುಡ್ತಾನೆ ಕಣಮ್ಮಿ."

"ನೀವು ತೂಗ್ಬ್ಯಾಡಿ. ನಾನ್ ತೂಗ್ತೀನಿ," ಎಂದೆ.

ಮನೆಯಲ್ಲಿ ಎಪ್ಪತ್ತು ಕಿಲೋ ತೂಗುವ ತಕ್ಕಡಿ ಎಲ್ಲಿಂದ ಬರಬೇಕು? ಆಲೆಮನೆಯಿಂದ ಕಬ್ಬಿಣದ ತೂಕದ ಕಲ್ಲು ತಂದೆ. ಎಲ್ಲ ಸೇರಿಸಿದರೂ ಇಪ್ಪತ್ತೈದು ಕಿಲೋ. ಸಂತೆಬಾಚಹಳ್ಳಿ ಹತ್ತಿರದ ನನ್ನ ತವರಲ್ಲಿ ನಮ್ಮಪ್ಪ ಏತದಲ್ಲಿ ನೀರೆತ್ತುತ್ತಿದ್ದುದು ನೆನಪಿಗೆ ಬಂತು. ಉದ್ದನೆಯ ಮರ, ನಡುವೆ ಒಂದು ಆಸರೆ. ಆಸರೆಯಿಂದ ದೂರ ನಿಂತವನು ಹಗುರವಾಗಿದ್ದರೂ ಹತ್ತಿರ ಕಟ್ಟಿದ ಭಾರವನ್ನು ಎತ್ತುತ್ತಾನೆ. ಅಲ್ಲಿ ನೀರೆತ್ತಿದ್ದು ಇಲ್ಲಿ ಮೂಕಿ ಎತ್ತಲಾರದೇ?

ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಕವೆಗಂಬ ನೆಟ್ಟೆ. ಅದರ ಮೇಲೆ ನಾಲ್ಕು ಮೊಳದ ತೊಲೆ ಇಟ್ಟೆ, ಒಂದು ಕಡೆ ಒಂದು ಮೊಳ, ಇನ್ನೊಂದು ಕಡೆ ಮೂರು ಮೊಳ ಬರುವಂತೆ. ಗಿಡ್ಡ ತುದಿಯಿಂದ ಹಗ್ಗ ಇಳಿಬಿಟ್ಟು ಮೂಕಿಗೆ ಕಟ್ಟಿದೆ. ಉದ್ದ ತುದಿಗೆ ಮಂಕರಿ ಕಟ್ಟಿ ಅದರಲ್ಲಿ ತೂಕದ ಕಲ್ಲು ಇಡುವುದು. ಮೂಕಿ ಮೇಲೆದ್ದಾಗ ಮಂಕರಿಯಲ್ಲಿ ಎಷ್ಟಿದೆಯೋ ಅದರ ಮೂರರಷ್ಟು ಮೂಕಿಯ ಭಾರ. ಮಾವ ಜಗುಲಿಯ ಮೇಲೆ ಕೈಕಟ್ಟಿ ಕೂತು ನೋಡುತ್ತಿದ್ದರು.

ಒಂದು ಕಲ್ಲೂ ಇಟ್ಟಿರಲಿಲ್ಲ, ಬರೀ ತೊಲೆಯ ಭಾರಕ್ಕೇ ಮೂಕಿ ಎದ್ದು ನಿಂತಿತು.

"ಸೊನ್ನೆ ಕಿಲೋ ಅಂತ ಬರ್ಕೊ," ಎಂದು ಗಂಡ ನಕ್ಕರು.

ನಾನು ನಗಲಿಲ್ಲ. ತೊಲೆಗೂ ತೂಕವಿದೆ ಎನ್ನುವುದನ್ನು ಮರೆತಿದ್ದೆ. ಹಗ್ಗ ಬಿಚ್ಚಿ, ಹಿತ್ತಲಿಂದ ಒರಳಿನ ಗುಂಡು ತಂದು ಗಿಡ್ಡ ತುದಿಗೆ ಕಟ್ಟಿದೆ. ಅತ್ತೆ ಒಳಗಿಂದ, "ಇಟ್ಟು ರುಬ್ಬೋ ಗುಂಡ ಯಾವೋಳೇ ಒತ್ಕೊಂಡೋದೋಳು!" ಎಂದು ಕೂಗಿದರು. ಗುಂಡನ್ನು ಅತ್ತಿತ್ತ ಸರಿಸುತ್ತ ಬರೀ ತೊಲೆ, ಬರೀ ಮಂಕರಿ ಸಮನಾಗಿ ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ಮೂಕಿಗೆ ಮತ್ತೆ ಹಗ್ಗ ಕಟ್ಟಿ, ಅದರ ಕೆಳಗೆ ಕೊಕ್ಕೆಯ ಎತ್ತರಕ್ಕೆ ಕಲ್ಲು ಜೋಡಿಸಿ, ಮಂಕರಿಗೆ ಒಂದು ಕಿಲೋ ಇಟ್ಟೆ. ಅಲ್ಲಾಡಲಿಲ್ಲ. ಇನ್ನೊಂದು ಕಿಲೋ ಇಟ್ಟೆ. ಮೂಕಿ ಕಲ್ಲು ಬಿಟ್ಟು ಕೂದಲೆಳೆಯಷ್ಟು ಮೇಲೆದ್ದಿತು.

ಎರಡರ ಮೂರರಷ್ಟು ಆರು. ಎಪ್ಪತ್ತು ಇರಬೇಕಾದ ಕಡೆ ಆರು ಕಿಲೋ!

ಮಾವ ಜಗುಲಿಯಿಂದಲೇ ತೊಡೆ ತಟ್ಟಿದರು. "ನೋಡ್ಲಾ ಚಲುವ! ಏಳ್ನೂರು ಕಿಲೋ ಗಾಡೀಲಿ ಮೂಕಿ ಬರೀ ಆರು. ಯಾವನ್ ತುಂಬ್ತಾನೆ ತುಂಬ್ಲಿ ಇಂಗೆ!"

ಗಂಡ ನನ್ನ ಮುಖ ನೋಡಿದರು. ಚೌಡಯ್ಯ ಮೇಸ್ತ್ರಿ ಹೇಳಿದ್ದನ್ನು ನಾನು ಹೇಳಿದೆ. ಮಾವನ ಮುಖ ಬಿಗಿಯಿತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

"ಮಿಲಿಟ್ರಿಯವನಿಗೇನ್ ಗೊತ್ತು ಗಾಡಿ ಇಚಾರ? ನಾನ್ ಮೂವತ್ತೊರ್ಸ ಒಡ್ದಿವ್ನಿ."

"ಅದ್ಕೇ ನಿಮ್ಮನ್ನೇ ಕೇಳ್ತೀನಿ, ಮಾವ," ಎಂದೆ. "ಇಳಿಜಾರಲ್ಲಿ ಗಾಡಿ ಎಡಕ್ಕೆ ವಾಲಿದ್ರೆ ಮೂಕೀನ ನೆಟ್ಗೆ ಇಡೋರು ಯಾರು?"

"ಇನ್ಯಾರು, ಎತ್ತು."

"ಎಂಗೆ ಇಡ್ತವೆ?"

"ಬುಜ ಕೊಡ್ತವೆ. ಎಡಕ್ಕೋದ್ರೆ ಎಡಗಡೇದು ಬುಜ ಕೊಟ್ಟು ತಳ್ತದೆ. ಬಲಕ್ಕೋದ್ರೆ ಬಲಗಡೇದು..." ಅಷ್ಟು ಹೇಳಿ ಅವರು ನಿಲ್ಲಿಸಿದರು.

"ಜೀಪಿಗೆ ಬುಜ ಎಲ್ಲದೆ, ಮಾವ? ಒಂದು ಕೊಕ್ಕೆ ಅಷ್ಟೆ. ಎತ್ತಿಗೆ ಬುದ್ಧಿ ಅದೆ, ಅದ್ಕೆ ನೀವು ಅಗುರ ಕೊಟ್ರಿ. ಕೊಕ್ಕೆಗೆ ಬುದ್ಧಿ ಇಲ್ಲ. ಅದನ್ನ ಬಾರನೇ ಇಡ್ಕೊಬೇಕು."

ಮಾವ ಬೈದುಬಿಡುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಜಗುಲಿ ಇಳಿದು ಬಂದು ಮೂಕಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಕೆಂದ ಅಂತ ಒಂದು ಎತ್ತಿತ್ತು ಕಣವ್ವ," ಎಂದರು. "ನಾಗಮಂಗ್ಲದ ದಾರೀಲಿ ಆತ್ರಕ್ಕೆ ಬಿದ್ದು ರಾಗಿ ಮೂಟೆಯೆಲ್ಲ ಮುಂದಕ್ಕಾಕ್ಬುಟ್ಟೆ. ಅದ್ರ ಕತ್ತು ಉಣ್ಣಾಯ್ತು, ಉಣ್ಣಿಗೆ ಉಳ ಬಿತ್ತು. ಅದು ಒಂದಿನಾನೂ ನೊಗ ಒಲ್ಲೆ ಅನ್ನಲಿಲ್ಲ. ನಾನೇ ಮಣ್ಣು ಮಾಡ್ದೆ. ಅವತ್ತಿಂದ ಎಲ್ಡು ಬೆರಳು. ನಿಮ್ಮೇಸ್ತ್ರಿ ಬಾರ ಆಕು ಅಂದ್ರೆ ನನ್ ಕೈ ಓಗಾಕಿಲ್ಲ."

ಈ ಕಥೆಯನ್ನು ನನ್ನ ಗಂಡನೂ ಕೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಊರಿಗೆಲ್ಲ ಜಂಬದಂತೆ ಕಂಡ ಎರಡು ಬೆರಳಿನ ಹಿಂದೆ ಒಂದು ಸತ್ತ ಎತ್ತು ಇತ್ತು. ಪಾಪ ಅನ್ನಿಸಿತು. ಪಾಪ ಅನ್ನಿಸಿದರೂ ಶುಕ್ರವಾರ ನಾಡಿದ್ದೇ ಇತ್ತು.

"ಕೆಂದನ ಕತ್ತು ಚರ್ಮದ್ದು, ಮಾವ. ಇದು ಕಬ್ಬಿಣ. ಇದಕ್ಕೆ ಉಣ್ಣಾಗಲ್ಲ. ಅಗುರ ಮಾಡಿದ್ರೆ ಮಾತ್ರ ನಿಮ್ಮ ಮಗನೂ ನಾನೂ ಕಂದಕಕ್ಕೆ ಬೀಳ್ತೀವಿ. ಶುಕ್ರವಾರ ಮಾರೋದಾದ್ರೆ ಮಾರಿ. ಅದಕ್ಕೆ ಮೊದ್ಲು ನೀವೇ ಒಂದ್ಸಲ ಬ್ಯಾರೆ ತರ ತುಂಬಿಕೊಡಿ. ಬ್ಯಾರೆಯವ್ರ ಕೈಲಿ ನಾ ತುಂಬ್ಸಲ್ಲ."

ಅವರು ಮೂಕಿಯನ್ನೇ ನೋಡುತ್ತ ಕೇಳಿದರು. "ಎಷ್ಟು ಬಾರ ಬೇಕಂದ?"

"ಎಪ್ಪತ್ತು ಕಿಲೋ."

"ಕಿಲೋ ಗಿಲೋ ಬುಡು. ಎಷ್ಟು ಅನ್ನು."

"ನಮ್ಮತ್ತೆವ್ವ ಮೂಕಿ ಮೇಲೆ ಕುಂತಷ್ಟು," ಎಂದುಬಿಟ್ಟೆ.

ಒಳಗಿಂದ ಅತ್ತೆ, "ಕೇಳಿಸ್ತು ಕಣೇ ನಂಗೆ!" ಎಂದರು. ಮಾವನ ಮೀಸೆ ಸ್ವಲ್ಪ ಅಲುಗಿತು. ಅವರು ಎದ್ದು ಪಂಚೆ ಎತ್ತಿ ಕಟ್ಟಿದರು.

ಆಮೇಲೆ ನೋಡಬೇಕಿತ್ತು ಅವರನ್ನು. ಬಾಗಿಲ ಹತ್ತಿರದ ಬೀಸುವ ಕಲ್ಲನ್ನು ಮಗನ ಕೈಲಿ ಹೊರಿಸಿ ತೀರಾ ಮುಂದಕ್ಕೆ ಇಡಿಸಿದರು. ತೂಗಿದೆ. ಇಪ್ಪತ್ತೈದರ ಹತ್ತಿರ ಬಂತು. ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಮುಂದಕ್ಕೆ ತಂದರು. ನಾಲ್ಕು ಗಂಟು ತಂದ ಮೇಲೆ ತಾವೇ ಬಗ್ಗಿ ಮೂಕಿಗೆ ಹೆಗಲು ಕೊಟ್ಟು ಎತ್ತಿ, ಕಣ್ಣು ಮುಚ್ಚಿ ಭಾರ ನೋಡಿದರು. "ಇನ್ನೂ ಬರಲಿಲ್ಲ ನಿಮ್ಮತ್ತೆ," ಎಂದರು. ತೂಗಿದರೆ ಐವತ್ತೈದು. ಇನ್ನೆರಡು ಗಂಟನ್ನೂ ಮುಂದಕ್ಕೆ ಸರಿಸಿ ಮತ್ತೆ ಹೆಗಲು ಕೊಟ್ಟರು. "ಈಗ ಬಂದ್ಲು."

ಮಂಕರಿಗೆ ಹತ್ತು, ಹತ್ತು, ಎರಡು, ಒಂದು ಇಟ್ಟೆ. ಇಪ್ಪತ್ತಮೂರು. ಮೂಕಿ ಇನ್ನೇನು ಏಳಬೇಕು ಅನ್ನುವಂತೆ ಮಿಸುಕಿತು. ಅರ್ಧ ಕಿಲೋ ಸೇರಿಸಿದೆ, ಎದ್ದಿತು. ಎಪ್ಪತ್ತರ ಮೇಲೆ ಅರ್ಧ. ತಕ್ಕಡಿಯಿಲ್ಲದೆ ಬರೀ ಹೆಗಲಲ್ಲಿ ಅಷ್ಟು ನಿಖರವಾಗಿ ಹೇಳಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಗುರುವಾರ ಅದೇ ಜಕ್ಕನಹಳ್ಳಿ ಇಳಿಜಾರಿಗೆ ಹೊರಟೆವು. ಮಾವ ನನ್ನನ್ನು ಮುಂದೆ ಕೂರಿಸಿ ತಾವು ಜೀಪಿನ ಹಿಂದೆ, ಕೊಕ್ಕೆಗೆ ಮುಖ ಮಾಡಿ ಕೂತರು. ಇಳಿಜಾರು ಬಂತು. ನಾನು ಕಂಬಿ ಹಿಡಿದು ಕಿವಿಗೊಟ್ಟು ಕೂತೆ. ಟಕ ಟಕ ಇಲ್ಲ. ಗಂಡ ಸ್ವಲ್ಪ ವೇಗ ಏರಿಸಿದರು. ಆಗಲೂ ಇಲ್ಲ. ನಾವು ನುಗ್ಗಿದ್ದ ಕತ್ತಾಳೆ ಬೇಲಿ ಪಕ್ಕಕ್ಕೇ ಸರಿದುಹೋಯಿತು. ತಿರುಗಿ ನೋಡಿದರೆ ಗಾಡಿಮನೆ ತಾಯಿಯ ಹಿಂದೆ ಬರುವ ಕರುವಿನ ಹಾಗೆ ನೆಟ್ಟಗೆ ಬರುತ್ತಿತ್ತು. ಆಗ ನನಗೆ ಅಳು ಬಂತು.

ಕೆಳಗೆ ಜೀಪು ನಿಂತಾಗ ಮಾವ ಇಳಿದು ಕೊಕ್ಕೆಯನ್ನು ಮುಟ್ಟಿ ನೋಡಿದರು. ಭಾರಕ್ಕೆ ಜೀಪಿನ ಹಿಂಭಾಗ ಚೂರು ತಗ್ಗಿತ್ತು. ಅದರ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದರು.

"ಒರ್ತದೇನ್ಲಾ ಇದು?" ಎಂದು ಮಗನನ್ನು ಕೇಳಿದರು.

"ಒರ್ತದೆ ಕಣಪ್ಪ."

ಶುಕ್ರವಾರ ಕಬ್ಬಿನ ಮೇಸ್ತ್ರಿ ಬಂದ. ಗಾಡಿ ಮಾರುವುದಿಲ್ಲ ಎಂದು ಮಾವನೇ ಹೇಳಿ ಕಾಫಿ ಕೊಡಿಸಿ ಕಳಿಸಿದರು. ಶನಿವಾರ ಬೆಳಿಗ್ಗೆ ನಾವು ಹೊರಡುವಾಗ ನೋಡಿದರೆ ಜೀಪಿನ ಕೊಕ್ಕೆಗೆ ಹರಳೆಣ್ಣೆ ಅರಿಸಿನ ಹಚ್ಚಿತ್ತು. ಎತ್ತಿನ ಕತ್ತಿಗೆ ಹಚ್ಚುವ ಮದ್ದು ಅದು. ಯಾರು ಹಚ್ಚಿದರೆಂದು ನಾವು ಕೇಳಲಿಲ್ಲ. ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ಎಲ್ಡು ಬೆರಳಿಗೆ ಮೂಕಿ ಎದ್ರೆ ಅವತ್ತು ಒರಡ್ಬ್ಯಾಡ ಕಣವ್ವ," ಎಂದರು.

ಮೂವತ್ತು ವರ್ಷದ ಮಾತನ್ನು ಅವರು ನನಗೋಸ್ಕರ ತಿರುಗಿಸಿ ಹೇಳಿದ್ದರು.

ಸಂತೆಬಾಚಹಳ್ಳಿಯ ಸಂತೆಯಲ್ಲಿ ನಮ್ಮ ವ್ಯಾಪಾರ ಚೆನ್ನಾಗಿ ಆಯಿತು. ಮುಂದಿದ್ದ ಆರು ಗಂಟಿನಲ್ಲಿ ಐದು ಖಾಲಿ. ಮಾರನೇ ಬೆಳಿಗ್ಗೆ ಗಂಡ ಜೀಪು ಸ್ಟಾರ್ಟು ಮಾಡಿ, ಮೂಕಿ ಕೊಕ್ಕೆಗೆ ಹಾಕಲು ಬಂದರು. ನಾನು ಅವರನ್ನು ತಡೆದು ಮೂಕಿಯ ತುದಿಗೆ ಎರಡು ಬೆರಳು ಕೊಟ್ಟೆ. ಅದು ಎದ್ದುಬಿಟ್ಟಿತು.

"ಕೆ.ಆರ್. ಪೇಟೆಗೆ ತಡ ಆಗ್ತದೆ ಕಣಮ್ಮಿ. ಸಪಾಟು ರಸ್ತೆ, ಏನೂ ಆಗಾಕಿಲ್ಲ," ಎಂದರು ಗಂಡ.

"ಇಳ್ಸಿ," ಎಂದೆ.

ಅವರು ನನ್ನ ಮುಖ ನೋಡಿ ಜೀಪು ಆಫ್ ಮಾಡಿದರು. ಸಂತೆಯಲ್ಲಿ ಕೊಂಡು ಹಿಂದೆ ಹಾಕಿದ್ದ ರಾಗಿ ಮೂಟೆ, ಹೊಸದಾಗಿ ತುಂಬಿಸಿದ್ದ ನೀರಿನ ಡ್ರಮ್ಮು, ಪಾತ್ರೆ ಪೆಟ್ಟಿಗೆ ಎಲ್ಲ ಇಳಿಸಿ ಮುಂದಕ್ಕೆ ತುಂಬಿದೆವು. ಮತ್ತೆ ಎರಡು ಬೆರಳು ಕೊಟ್ಟೆ. ಮೂಕಿ ಜಪ್ಪಯ್ಯ ಅನ್ನಲಿಲ್ಲ.

"ಈಗ ಒರಡಿ," ಎಂದು ಹೇಳಿ, ಗಂಡನ ಪಕ್ಕದಲ್ಲಿ ಹತ್ತಿ ಕೂತೆ.